ಬಾಣಂತಿಯ ನೀರಡಿಕೆ

ನಮ್ಮ ಮನೆಯಲ್ಲಿ ಕಾಯಿಲೆ ಬೀಳುವುದಕ್ಕೂ ಮಾಯವ್ವನ ಅಪ್ಪಣೆ ಬೇಕಿತ್ತು. ಮಾಯವ್ವ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಕೋಳಿ ಕೂಗುವ ಮೊದಲೇ ಎಲ್ಲರ ಕೈಗೂ ಬೇವಿನ ಕಡ್ಡಿ. ಉಂಡ ಕೂಡಲೇ ಯಾರಾದರೂ ಅಡ್ಡಾದರೋ, ಅವರ ಗತಿ ಮುಗಿಯಿತು. ಎಬ್ಬಿಸಿ ಕುರಿದೊಡ್ಡಿಯ ಸುತ್ತ ತಿರುಗಾಡಿಸಿಯೇ ಬಿಡುತ್ತಿದ್ದಳು. ವಾರಕ್ಕೊಮ್ಮೆ ಎಣ್ಣೆ ಹಚ್ಚಿ ಬೆನ್ನು ತಿಕ್ಕುವಾಗ ನಾನು ಚೀರುತ್ತಿದ್ದೆ.

"ತುಪ್ಪಟ ಕತ್ತರಿಸುವಾಗ ಕುರೀನೂ ಇಷ್ಟ ಒದರೂದಿಲ್ಲ. ಸುಮ್ನ ಕುಂಡರು" ಎಂದು ಇನ್ನೂ ಜೋರಾಗಿ ತಿಕ್ಕುತ್ತಿದ್ದಳು. ಎಲಾ ಇವಳ!

ಬೆನ್ನ ಹಿಂದೆ ಎಷ್ಟೇ ಗೊಣಗಿಕೊಂಡರೂ ಅವಳ ಮಾತು ಮೀರುವ ಧೈರ್ಯ ನಮಗಿರಲಿಲ್ಲ. ಮುನವಳ್ಳಿಗೆ ಪ್ಲೇಗು ಬಂದ ವರ್ಷ, ಹಿತ್ತಲಲ್ಲಿ ಒಂದು ಇಲಿ ಸತ್ತು ಬಿದ್ದದ್ದೇ ತಡ, ಸಂಜೆಯೊಳಗೆ ನಮ್ಮನ್ನೆಲ್ಲ ಹೊಲದ ಗುಡಿಸಲಿಗೆ ಎಳೆದೊಯ್ದಿದ್ದಳು. ಓಣಿಯಲ್ಲಿ ಮನೆಮನೆಯಿಂದ ಹೆಣ ಎದ್ದವು. ನಮ್ಮಲ್ಲಿ ಒಬ್ಬರಿಗೂ ಮೈ ಬಿಸಿಯಾಗಲಿಲ್ಲ. ಆಮೇಲೆ ಇಡೀ ಓಣಿಯೇ ಅವಳನ್ನು ಕೇಳಿ ನಡೆಯತೊಡಗಿತು.

ಇಂಥವಳ ಒಬ್ಬಳೇ ಮಗಳು ಇಂದ್ರವ್ವ. ಚೊಚ್ಚಲ ಹೆರಿಗೆಗೆ ಬೈಲಹೊಂಗಲದಿಂದ ತವರಿಗೆ ಬಂದಳು. ಗಂಡು ಕೂಸು, ಹೆರಿಗೆ ಸಲೀಸಾಯಿತು. ಮಾಯವ್ವ ಮಗಳ ಕಿವಿಗೆ ಬಟ್ಟೆ ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಬೆಳ್ಳುಳ್ಳಿ ತುಪ್ಪದ ಜೊತೆ ಒಣ ರೊಟ್ಟಿ ತಿನ್ನಿಸಿದಳು. ಕುಡಿಯಲು ಮಾತ್ರ ಕುದಿಸಿದ ನೀರು, ಅದೂ ತುಟಿ ತೋಯುವಷ್ಟೇ. ಹಸೀ ಬಾಣಂತಿ ನೀರು ಕುಡಿದರೆ ಮೈ ಬಾತು ಸಾಯುತ್ತಾಳೆ ಎಂದು ಅವಳಿಗೆ ಅವಳ ಅವ್ವ ಹೇಳಿದ್ದಳು, ಆ ಅವ್ವನಿಗೆ ಅವಳ ಅವ್ವ.

ಆಮೇಲೆ ಜ್ವರ ಬಂತು. ಇಂದ್ರವ್ವನ ನಾಲಗೆ ಒಣಗಿ ಮಾತು ತೊದಲಿತು.

"ಅವ್ವಾ, ನೀರಡಿಕಿ ಆಗೇತಿ. ಒಂದ ತಂಬಗಿ ಕೊಡ."

"ಇನ್ನೊಂದೀಟ ತಡ್ಕೊ ನನ್ನವ್ವ. ಜ್ವರದಾಗ ಕುಡದ್ರ ಸನ್ನಿ ಆಕೈತಿ."

ನನಗೆ ತಡೆಯಲಾಗಲಿಲ್ಲ. ತಂಬಿಗೆ ತುಂಬಿ ತಂದೆ. ಮಾಯವ್ವ ಬಾಗಿಲಿಗೆ ಅಡ್ಡ ನಿಂತಳು.

"ಅಕ್ಕಾ, ಹುಡುಗಿ ತುಟಿ ನೋಡ, ಒಡದ ರಕ್ತ ಬಂದೈತಿ. ನಿನಗೇನ ಕರುಳ ಅದಾವೋ ಇಲ್ಲೋ?"

"ನನ್ನ ಹೊಟ್ಟ್ಯಾಗ ಹುಟ್ಟಿದಾಕಿ, ರಾಯವ್ವ. ನನಗ ಸಂಕಟ ಆಗೂದಿಲ್ಲೇನ? ಆಕೀನ ಉಳಿಸಿಕೋಬೇಕಾಗೇತಿ ನನಗ!"

ಅವಳೂ ಅಳುತ್ತಿದ್ದಳು. ಇಂದಿಗೂ ನೆನೆದರೆ ಅವಳ ಮೇಲೆ ಸಿಟ್ಟು ಉಕ್ಕುತ್ತದೆ, ಹಿಂದೆಯೇ ಕರುಳು ಚುರ್ರೆನ್ನುತ್ತದೆ. ಅವಳನ್ನು ದೂಡಿಕೊಂಡೇ ಒಳಗೆ ಹೋದೆ. ತಂಬಿಗೆಯನ್ನು ಬಾಯಿಗೆ ಹಿಡಿದರೆ ಇಂದ್ರವ್ವನೇ ಮುಖ ತಿರುಗಿಸಿದಳು.

"ಬ್ಯಾಡ ಚಿಗವ್ವ. ಅವ್ವ ಹೇಳಿದ್ದು ಎಂದಾರ ಸುಳ್ಳ ಆಗೇತೇನ?"

ಥೂ, ಅಂಥ ನಂಬಿಕೆಗೆ ಬೆಂಕಿ ಬೀಳಲಿ. ನಾನು ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಮರುದಿನ ಮುಂಜಾನೆ ಇಂದ್ರವ್ವ ಯಾರನ್ನೂ ಗುರುತಿಸಲಿಲ್ಲ. ಮಠದ ಬಸಯ್ಯನವರನ್ನು ಕರೆಸಿದೆವು. ಅವರು ನಾಡಿ ಹಿಡಿದು ನೋಡಿದರು, ಹಣೆಗೆ ವಿಭೂತಿ ಹಚ್ಚಿದರು.

"ಮಾಯವ್ವಾ, ಹೊತ್ತ ಬಂತು. ಬಾಯಾಗ ನೀರ ಬಿಡವಾ. ಹಡದಾಕಿ ಮೊದಲ ಬಿಡಬೇಕು" ಎಂದರು.

ಮಾಯವ್ವ ಅವರ ಮುಖವನ್ನೇ ನೋಡುತ್ತ ನಿಂತಳು. ನಾನೇ ಅವಳ ಕೈಗೆ ತಂಬಿಗೆ ಕೊಟ್ಟೆ. ಹೋಗುವ ಜೀವಕ್ಕೆ ಎಲ್ಲರೂ ಬಿಡುವಂತೆ ಅವಳು ಹನಿ ಬಿಡಲಿಲ್ಲ. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತಂಬಿಗೆಯನ್ನೇ ತುಟಿಗೆ ಹಚ್ಚಿದಳು. ನೀರು ಗಂಟಲಿಗೆ ಇಳಿಯಲಿಲ್ಲ. ಕಟವಾಯಿಯಿಂದ ಕೊರಳಿಗೆ ಹರಿದು ಕುಬಸ ತೋಯಿಸಿತು.

"ಕುಡಿ ನನ್ನವ್ವ, ಎಷ್ಟ ಬೇಕ ಅಷ್ಟ ಕುಡಿ. ನಾ ಬ್ಯಾಡ ಅನ್ನೂದಿಲ್ಲ."

ಬಸಯ್ಯನವರು ಬಾಗಿ ಇಂದ್ರವ್ವನ ಕಣ್ಣು ಮುಚ್ಚಿದರು. ಮಾಯವ್ವ ಅದನ್ನು ನೋಡಲೇ ಇಲ್ಲ. ಬರಿದಾದ ತಂಬಿಗೆಯನ್ನು ನನ್ನತ್ತ ಚಾಚಿದಳು.

"ಇನ್ನೊಂದ ತಂಬಗಿ ತಾ ರಾಯವ್ವ. ಹುಡುಗಿಗಿ ಭಾಳ ನೀರಡಿಕಿ ಆಗೇತಿ."