ಬಾಗಿಲು ಹೊತ್ತವರು

ನೈಜಲ್ ಬರೆದ ನಾಟಕದಲ್ಲಿ ಇದ್ದವರು ಇಬ್ಬರೇ, ಒಬ್ಬ ಗಂಡ ಮತ್ತು ಒಬ್ಬಳು ಹೆಂಡತಿ. ಒಂದು ಮರದ ಬಾಗಿಲನ್ನು ಹೆಗಲ ಮೇಲೆ ಹೊತ್ತು, ಅದಕ್ಕೆ ಹೊಂದುವ ಮನೆಯನ್ನು ಹುಡುಕುತ್ತ ಅವರು ಅಲೆಯುತ್ತಾರೆ. ಮನೆ ಸಿಗುವುದಿಲ್ಲ. ಆಗಾಗ ಬಾಗಿಲನ್ನು ಬಯಲಿನಲ್ಲೇ ನಿಲ್ಲಿಸಿ, ತಟ್ಟಿ, ಒಳಗೆ ಯಾರಾದರೂ ಇದ್ದಾರಾ ಎಂದು ಕೇಳುತ್ತಾರೆ. ಯಾರೂ ಓಗೊಡದಿದ್ದಾಗ ಮತ್ತೆ ಹೊತ್ತು ಹೊರಡುತ್ತಾರೆ. ನಾಟಕ ಅಂದರೆ ಅಷ್ಟೇ.

ಸಕಲೇಶಪುರದಲ್ಲಿ ಮೊದಲ ಸಲ ಆಡಿದಾಗ ಹಿಂದಿನ ಸಾಲಿನಲ್ಲಿದ್ದ ಒಬ್ಬರು ಎದ್ದು ನಿಂತು, "ಕತೆ ಎಲ್ಲೈತೆ ಮಾರಾಯ?" ಎಂದು ಕೂಗಿದ್ದರು. ಸಭೆಯೆಲ್ಲ ಗೊಳ್ಳೆಂದಿತ್ತು. ಹೆಂಡತಿಯ ಪಾತ್ರ ಮಾಡಿದ್ದ ತನುಜಾಳಿಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನ್ನಿಸಿತ್ತು. ನೈಜಲ್‌ಗೆ ಮಾತ್ರ ಖುಷಿಯೋ ಖುಷಿ.

"ಅರ್ಥ ಇಲ್ಲ ಅಂತ ಹೇಳೋಕಲ್ಲ ಕಣೇ ಈ ನಾಟಕ," ಎಂದಿದ್ದ ಮನೆಗೆ ಬರುವಾಗ. "ಅರ್ಥ ಗೊತ್ತಿಲ್ದಿದ್ರೂ ಇಬ್ರೂ ಹೊರ್ತಾರಲ್ಲ, ಅದನ್ನ ತೋರ್ಸೋಕೆ."

ನಿಜಕ್ಕೂ ಅವರಿಬ್ಬರು ಗಂಡಹೆಂಡತಿಯೇ. ತನುಜಾ ಕುಂದೂರಿನ ಚಂದ್ರಯ್ಯನವರ ಮಗಳು, ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ನೈಜಲ್‌ನ ಹಿರಿಯರು ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತರು. ಅವನದು ಮೈಕ್‌ಸೆಟ್, ಲೈಟು ಬಾಡಿಗೆಗೆ ಕೊಡುವ ಅಂಗಡಿ. ನಾಟಕದ ಹುಚ್ಚೇ ಇಬ್ಬರನ್ನೂ ಕೂಡಿಸಿದ್ದು. ಈ ಮದುವೆಗೆ ಮುನಿಸಿಕೊಂಡಿದ್ದ ಚಂದ್ರಯ್ಯನವರು ಆಮೇಲೆ ಅಳಿಯನ ಮೈಕ್‌ಸೆಟ್ ಇಲ್ಲದೆ ಊರಿನಲ್ಲಿ ಒಂದು ಮದುವೆಯನ್ನೂ ಆಗಗೊಡುತ್ತಿರಲಿಲ್ಲ. ಆ ನಾಟಕವನ್ನು ಗಂಡಹೆಂಡತಿ ಆಲೂರು, ಯಸಳೂರು, ಹಾಸನ ಅಂತ ವರ್ಷಗಟ್ಟಲೆ ಆಡಿದರು. ಅಡುಗೆಮನೆಯಲ್ಲೂ ತಮಾಷೆಗೆ ಅದರದೇ ಮಾತು.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ವೈರು ಸುತ್ತುತ್ತಿದ್ದ ನೈಜಲ್ ಹಾಗೇ ಪಕ್ಕಕ್ಕೆ ವಾಲಿ ಬಿದ್ದ. ಹಾಸನದ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಆದರೆ ಬಲಗೈ, ಬಲಗಾಲು ಹೋದವು, ಮಾತೂ ಹೋಯಿತು. ಮೆದುಳಿನಲ್ಲಿ ಮಾತು ಕಟ್ಟುವ ಜಾಗಕ್ಕೇ ಪೆಟ್ಟಾಗಿದೆ ಎಂದರು ಡಾಕ್ಟರು. ಬಾಯಿಪಾಠವಾಗಿದ್ದ ಹಾಡೋ ಪ್ರಾರ್ಥನೆಯೋ ಏನಾದರೂ ಬಂದರೂ ಬರಬಹುದು, ಹೇಳುತ್ತಿರಿ ಎಂದೂ ಅಂದರು.

ಅವನ ತಾಯಿ ಪೆಟ್ರೀಷಿಯಾ ಅಂದಿನಿಂದ ಮಗನ ಮಂಚದ ಪಕ್ಕ ಜಪಸರ ಹಿಡಿದು ಕೂತರು. ಮಗುವಾಗಿದ್ದಾಗ ತಾವೇ ಕಲಿಸಿದ್ದ ಕೊಂಕಣಿ ಪ್ರಾರ್ಥನೆಗಳನ್ನು ಒಂದೊಂದಾಗಿ ಅವನ ಕಿವಿಯ ಹತ್ತಿರ ಹೇಳಿದರು. ನೈಜಲ್ ಸೂರು ನೋಡುತ್ತ ಮಲಗಿರುತ್ತಿದ್ದ.

ಒಂದು ದಿನ ತನುಜಾ ಅವನಿಗೆ ಗಂಜಿ ಕುಡಿಸಿ, ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸುತ್ತಿದ್ದಳು. ಅವಳ ಹೆಗಲ ಹತ್ತಿರವೇ ಅವನ ದನಿ ಕೇಳಿತು.

"ನಿನ್ ಕಡೆ ಭಾರ ಐತಾ?"

ಚೂರೂ ತೊದಲಿರಲಿಲ್ಲ. ತನುಜಾ ಕೂಗಿದ ಕೂಗಿಗೆ ಪೆಟ್ರೀಷಿಯಾ ಓಡಿ ಬಂದರು. ಅತ್ತೆ ಸೊಸೆ ಇಬ್ಬರೂ ತಬ್ಬಿಕೊಂಡು ಅತ್ತರು.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಅವನಿಗೆ ಮರಳಿದ್ದು ನಾಟಕದ ಮಾತುಗಳು ಮಾತ್ರ. ಹಸಿವಾದರೂ "ಒಳಗೆ ಯಾರೂ ಇಲ್ವಾ?" ಅನ್ನುತ್ತಿದ್ದ, ನೀರಡಿಸಿದರೂ ಅದನ್ನೇ. ಕೆಲವೊಮ್ಮೆ ಏನೂ ಬೇಡದಿದ್ದರೂ ಅದನ್ನೇ.

"ನಾನು ಕಲಿಸಿದ್ದೆಲ್ಲ ಅಳಿಸಿಹೋಗಿ ಈ ತಲೆಬುಡ ಇಲ್ಲದ ಮಾತು ಉಳೀತಲ್ಲ ತನು," ಎಂದು ಪೆಟ್ರೀಷಿಯಾ ಸೆರಗಿನಿಂದ ಕಣ್ಣೊರೆಸಿಕೊಂಡರು. "ದೇವರಿಗೆ ಇದ್ಯಾವ ನ್ಯಾಯ?"

ತನುಜಾ ಗಂಡನ ಒಂದೊಂದು ಮಾತಿನ ಹಿಂದೆಯೂ ಅರ್ಥ ಹುಡುಕತೊಡಗಿದಳು. ಕಣ್ಣು ಎತ್ತ ಹೊರಳಿತು, ದನಿ ಎಲ್ಲಿ ಏರಿತು ಎಂದು ಕಾದು ನೋಡುತ್ತಿದ್ದಳು. ಇವತ್ತು ಗೊತ್ತಾಯಿತು ಎಂದುಕೊಂಡದ್ದು ನಾಳೆ ಸುಳ್ಳಾಗುತ್ತಿತ್ತು. ಒಂದು ಮಧ್ಯಾಹ್ನ ಅವನ ಕಣ್ಣಿನಲ್ಲಿ ನೀರು ಇಳಿಯುತ್ತಿತ್ತು. ಅವಳ ಕೈ ಹಿಡಿದುಕೊಂಡು, "ಇಳ್ಸೋಣ್ವಾ?" ಎಂದ.

ಬಾಗಿಲನ್ನು ಇಳಿಸಿಬಿಡೋಣವೇ ಎಂದು ನಾಟಕದಲ್ಲಿ ಗಂಡ ಕೇಳುವ ಮಾತು ಅದು. ಸಾಕಾಯಿತು, ಬಿಟ್ಟುಬಿಡು ನನ್ನನ್ನು ಅನ್ನುತ್ತಿದ್ದಾನಾ? ಅಥವಾ ಗಾಳಿಗೆ ಎಲೆ ಅಲುಗಿದ ಹಾಗೆ ನಾಲಿಗೆ ಸುಮ್ಮನೆ ಅಲುಗಿತಾ? ಕೇಳುವುದಾದರೂ ಹೇಗೆ? ತನುಜಾ ನಾಟಕದಲ್ಲಿ ಹೆಂಡತಿ ಕೊಡುವ ಉತ್ತರವನ್ನೇ ಕೊಟ್ಟಳು.

"ಇನ್ನೊಂಚೂರು ದೂರ ಕಣೋ. ಬಂದೇ ಬುಡ್ತು."

ನೈಜಲ್ ಸಮಾಧಾನವಾಗಿ ಕಣ್ಣು ಮುಚ್ಚಿದ. ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಆ ನಾಟಕವನ್ನು ಮತ್ತೆ ಆಡಿಸೋಣ ಎಂದವನು ಮಹೇಶ. ಯಸಳೂರಿನ ಬಸ್ಸು ಓಡಿಸುವ ಅವನೇ ಮೊದಲಿನಿಂದಲೂ ಅವರ ನಾಟಕಕ್ಕೆ ಲೈಟು ಬಿಡುತ್ತಿದ್ದವನು.

"ಅವ್ನು ನಾಟ್ಕ ಆಡ್ತಿಲ್ಲ ಮಹೇಶಣ್ಣ," ಎಂದಳು ತನುಜಾ. "ಕಾಯಿಲೆ ಅದು. ಜನಕ್ಕೆ ತೋರ್ಸೋದಾ?"

"ಅಲ್ಲ ಕಣವ್ವ, ಮನೇಲಿ ಆ ಮಾತು ಎಲ್ಲೆಲ್ಲೋ ಬೀಳ್ತಾವೆ. ಸ್ಟೇಜಿನ ಮೇಲಾದ್ರೆ ಅದ್ರ ಜಾಗ್ದಾಗೆ ಬೀಳ್ತಾವೆ. ಒಂದ್ ಸಲನಾದ್ರೂ ಅವ್ನು ಸರ್ಯಾಗಿ ಮಾತಾಡ್ಲಿ."

ಈ ಮಾತು ಅವಳನ್ನು ಬಿಡಲಿಲ್ಲ. ಕಡೆಗೆ ಒಂದು ಭಾನುವಾರ, ಪೂಜೆ ಮುಗಿದ ಮೇಲೆ, ಸಕಲೇಶಪುರದ ಚರ್ಚಿನ ಹಾಲಿನಲ್ಲಿ ಆಡುವುದೆಂದಾಯಿತು. ಮಹೇಶ ಪ್ಲೈವುಡ್ಡಿನಲ್ಲಿ ಹಗುರವಾದ ಬಾಗಿಲು ಮಾಡಿಸಿ ತಂದ. ಅದರ ಒಂದು ತುದಿ ನೈಜಲ್‌ನ ಗಾಲಿಕುರ್ಚಿಯ ಮೇಲೆ, ಇನ್ನೊಂದು ತುದಿ ತನುಜಾಳ ಹೆಗಲ ಮೇಲೆ. ಪೆಟ್ರೀಷಿಯಾ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಲೈಟು ಬಿತ್ತು.

"ನಿನ್ ಕಡೆ ಭಾರ ಐತಾ?" ಎಂದ ನೈಜಲ್.

"ನಿನ್ನಷ್ಟೇ," ಎಂದಳು ತನುಜಾ.

ಅಲ್ಲಿಂದ ಮಾತು ನೀರಿನಂತೆ ಹರಿಯಿತು. ಅವಳು ಕೇಳಿದ್ದಕ್ಕೆ ಅವನು ಉತ್ತರ ಕೊಟ್ಟ, ಅವನು ಕೇಳಿದ್ದಕ್ಕೆ ಅವಳು. ಅವನು ಹುಬ್ಬು ಗಂಟಿಕ್ಕಿದ, ರೇಗಿದ, ಹೆಂಡತಿ ಬಾಗಿಲು ತಟ್ಟುವುದನ್ನು ನೋಡಿ ನಕ್ಕ. ಮೊದಲು ಕೂಗಿದ್ದ ಊರು ಈಗ ಕೆಮ್ಮದೆ ಕೂತಿತ್ತು. ಎಷ್ಟೋ ತಿಂಗಳ ಮೇಲೆ ತನುಜಾ ಗಂಡನ ಜೊತೆ ಮಾತಾಡುತ್ತಿದ್ದಳು. ಇವನು ಇಲ್ಲೇ ಇದ್ದಾನೆ, ಎಲ್ಲೂ ಹೋಗಿಲ್ಲ ಅನ್ನಿಸಿತು ಅವಳಿಗೆ. ನಾಟಕ ಇನ್ನೇನು ಮುಗಿಯಬೇಕು, ಅವಳು ಬಾಗಿಲನ್ನು ಇಳಿಸಿ ಅವನ ಮುಂದೆ ಮಂಡಿಯೂರಿದಳು. ಅವಳ ಬಾಯಿಗೆ ಬಂದದ್ದು ನಾಟಕದ ಮಾತಲ್ಲ.

"ನೈಜಲ್, ನಾನ್ಯಾರು? ನನ್ ಹೆಸ್ರು ಹೇಳು."

ಅವನು ಅವಳನ್ನು ನೋಡಿದ. ತುಟಿ ಅಲುಗಿತು, ಕತ್ತಿನ ನರ ಉಬ್ಬಿತು. ಒಳಗೆಲ್ಲೋ ಹುಡುಕುತ್ತಿರುವುದು ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಆ ಮುಖದಲ್ಲಿ ಭಯ ತುಂಬಿತು. ಜಾತ್ರೆಯಲ್ಲಿ ಕೈತಪ್ಪಿದ ಮಗುವಿನಂತೆ ಬಾಯಿ ತೆರೆದು ಜೋರಾಗಿ ಅಳತೊಡಗಿದ. ತನುಜಾ ಗಾಬರಿಯಿಂದ ನಾಟಕದ ಮಾತುಗಳನ್ನು ಒಂದರ ಹಿಂದೆ ಒಂದು ಎತ್ತಿಕೊಟ್ಟಳು. ಯಾವುದನ್ನೂ ಅವನು ಹಿಡಿಯಲಿಲ್ಲ. ಮಹೇಶ ಲೈಟು ಆರಿಸಿದ.

ಅವತ್ತಿನಿಂದ ನೈಜಲ್ ಮಾತಾಡಲಿಲ್ಲ, ನಾಟಕದ ಮಾತನ್ನೂ ಆಡಲಿಲ್ಲ. ಅವತ್ತಿನ ನಾಟಕಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡಿ, ಈ ಕಾಯಿಲೆಯ ದಾರಿಯೇ ಹೀಗೆ ಎಂದು ಡಾಕ್ಟರು ಎರಡೆರಡು ಸಲ ಹೇಳಿದರು. ಕಾಫಿ ಹೂ ಬಿಟ್ಟಿದ್ದ ವಾರ ಮತ್ತೊಮ್ಮೆ ಲಕ್ವ ಹೊಡೆಯಿತು. ಈ ಸಲ ಅವನು ಉಳಿಯಲಿಲ್ಲ.

ಮಣ್ಣು ಮಾಡಿ ಬಂದವರೆಲ್ಲ ತಮ್ಮ ತಮ್ಮ ಮನೆಗೆ ಹೋದ ಮೇಲೆ ಅತ್ತೆ ಸೊಸೆ ಇಬ್ಬರೇ ಉಳಿದರು. ಪೆಟ್ರೀಷಿಯಾ ಅನ್ನ ಕಲಸಿಕೊಂಡು ಬಂದರೂ ತನುಜಾ ಬಾಯಿ ತೆರೆಯಲಿಲ್ಲ.

"ನಾನೇ ಕಿತ್ಕೊಂಡೆ ಮಮ್ಮಿ," ಎಂದಳು. "ಅವ್ನ ಹತ್ರ ಇದ್ದಿದ್ದೇ ನಾಕು ಮಾತು. ನನ್ ಹೆಸ್ರು ಕೇಳ್ಬೇಕು ಅನ್ನೋ ಆಸೇಗೆ ಅದನ್ನೂ ಕಿತ್ಕೊಂಡ್ಬುಟ್ಟೆ."

ಪೆಟ್ರೀಷಿಯಾ ತಟ್ಟೆ ಹಿಡಿದುಕೊಂಡೇ ಅವಳ ಪಕ್ಕ ಕೂತರು.

"ನಾನು ಮುಂದಿನ ಸಾಲಲ್ಲೇ ಇದ್ದೆ ಮಾರಾಯ್ತಿ," ಎಂದರು. "ಅವನ ಮುಖ ನೋಡಿದೆ. ನೀನು ಯಾರು ಅಂತ ಅವನಿಗೆ ಗೊತ್ತಿತ್ತು. ಗೊತ್ತಿಲ್ಲದವನು ಹಾಗೆ ಅಳೋದಿಲ್ಲ."

ಅತ್ತೆ ಕಂಡದ್ದನ್ನೇ ಹೇಳಿದರೋ, ಸೊಸೆ ಒಂದು ತುತ್ತು ತಿನ್ನಲಿ ಎಂದು ಹೇಳಿದರೋ, ತನುಜಾಳಿಗೆ ತಿಳಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಮುದುಕಿಯ ಕೈ ನಡುಗಿ ಅನ್ನದ ಅಗುಳು ಸೀರೆಯ ಮೇಲೆ ಉದುರುತ್ತಿತ್ತು. ತನುಜಾ ಆ ಕೈಯನ್ನು ಹಿಡಿದು ನಿಲ್ಲಿಸಿ ತುತ್ತಿಗೆ ಬಾಯಿ ತೆರೆದಳು.