ಚುಟುಕಾಗಿ ಹೇಳಿ

ಕಚೇರಿಯವರಿಗೆ ವಾರಕ್ಕೊಂದು ಇಂಗ್ಲಿಷ್ ಪದ ಕಲಿಸದಿದ್ದರೆ ಸಾಹೇಬರಿಗೆ ಉಂಡದ್ದು ಅರಗುತ್ತಿರಲಿಲ್ಲ. ಈ ಸೋಮವಾರದ ಪದ 'ಕನ್ಸೈಸ್'. ಬೇಕಾದ್ದನ್ನು ಬಿಡದೆ, ಬೇಡದ್ದನ್ನು ಸೇರಿಸದೆ ಹೇಳುವುದು ಎಂದು ವಿವರಿಸಲು ಅವರಿಗೆ ಒಂದೂವರೆ ಗಂಟೆ ಹಿಡಿಯಿತು. ಇದೇ ವಿಷಯದ ಮೇಲೆ ಅವರು ಬರೆದ ಒಂಬೈನೂರು ಪುಟದ ಪುಸ್ತಕ ಅಚ್ಚಾಗಿ ಬಂದು, ಉಗ್ರಾಣದ ನೆಲದ ಮೇಲೆ ಕಟ್ಟುಕಟ್ಟಾಗಿ ಬಿದ್ದಿತ್ತು.

ಉಗ್ರಾಣ ನೋಡಿಕೊಳ್ಳುವಾಕೆಗೆ ಆ ಕಟ್ಟುಗಳದೇ ಚಿಂತೆ. ಹೋದ ತಿಂಗಳು ಇಲಿ ಕಡಿದ ರಟ್ಟಿಗಾಗಿ ಒಂದು ಮೆಮೊ ಬಂದಿತ್ತು. ಇನ್ನೊಂದು ಬಂದರೆ ಕೆಲಸಕ್ಕೇ ಸಂಚಕಾರ. ಅಂದು ಮಧ್ಯಾಹ್ನ ಮೂಲೆಯ ಪೈಪು ಬಾಯಿಬಿಟ್ಟದ್ದು ಕಂಡವಳೇ ಬಕೆಟ್ ಇಟ್ಟು ಮೆಟ್ಟಿಲು ಹತ್ತಿ ಓಡಿದಳು. ನೀರು ನಿಲ್ಲಿಸುವ ವಾಲ್ವಿನ ಕೋಣೆಯ ಕೀಲಿ ಇದ್ದದ್ದು ಸಾಹೇಬರ ಡ್ರಾಯರಿನಲ್ಲಿ.

"ಸರ್, ಕೆಳಗೆ ಮೂಲೆಯಲ್ಲಿ ಪೈಪು ಇದೆಯಲ್ಲ, ಅದರ ಜಾಯಿಂಟು..."

"ಇದೆಯಲ್ಲ ಅನ್ನೋದು ಯಾಕಮ್ಮ? ಇಲ್ಲದ ಪೈಪಿನ ಸುದ್ದಿ ಯಾರು ಹೇಳ್ತಾರೆ? ಕನ್ಸೈಸ್."

"ಜಾಯಿಂಟು ಬಿಟ್ಟಿದೆ ಸರ್. ನೀರು ಸುರೀತಿದೆ. ನಿಮ್ಮ ಪುಸ್ತಕ..."

"ಆಗಲೇ ಮೂರನೇ ವಾಕ್ಯ. ಒಂದರಲ್ಲಿ ಮುಗಿಸಿ." ಮೇಜಿನ ಮೇಲಿದ್ದ ಪ್ರತಿ ತೆರೆದು, ಅನಗತ್ಯ ಪದಗಳ ನಲವತ್ತೆರಡು ವಿಧಗಳನ್ನು ಓದತೊಡಗಿದರು.

ಪಕ್ಕದ ಮೇಜಿನ ಟೈಪಿಸ್ಟ್ ಪಿಸುಗುಟ್ಟಿದಳು. "ಅಕ್ಕ, ಇವರು ಮುಗಿಸೋ ಹೊತ್ತಿಗೆ ನಾವೂ ತೇಲ್ತಿರ್ತೀವಿ."

ಹದಿನೇಳನೇ ವಿಧಕ್ಕೆ ಉಗ್ರಾಣದಾಕೆಯ ತಾಳ್ಮೆ ತೀರಿತು. "ಸರ್, ಕೀಲಿ."

"ಯಾವ ಕೀಲಿ? ಯಾತಕ್ಕೆ? ಈಗ ಬೇಕಾದ್ದನ್ನೇ ಬಿಟ್ರಿ. ಇದೂ ತಪ್ಪು."

ಕೀಲಿ ಕೈಗೆ ಬರುವಷ್ಟರಲ್ಲಿ ಉಗ್ರಾಣದಲ್ಲಿ ಮೊಣಕಾಲುದ್ದ ನೀರು. ಕಟ್ಟುಗಳು ಬಸುರಿಯಂತೆ ಉಬ್ಬಿದ್ದವು. ಮರುದಿನ ಆಕೆಯ ಮೇಜಿಗೆ ನಾಲ್ಕು ಪುಟದ ಮೆಮೊ ಬಂತು: ಸಂಜೆಯೊಳಗೆ ಲಿಖಿತ ವಿವರಣೆ ಕೊಡತಕ್ಕದ್ದು.

ಮೊದಲು ಐದು ಪುಟ ಬರೆದಳು. ಬಕೆಟ್ಟು, ಇಲಿ, ಕಪಾಟು ಕೇಳಿ ಬರೆದ ಹಳೆಯ ಅರ್ಜಿ, ಎಲ್ಲ ಇತ್ತು. ಓದಿ ನೋಡಿ ಹರಿದಳು. ಕೊನೆಗೆ ಒಂದೇ ಹಾಳೆ ಒಯ್ದು ಕೊಟ್ಟಳು: 'ಹೇಳಲು ಬಂದೆ. ತಿದ್ದುತ್ತ ಕೂತಿರಿ.'

ಸಾಹೇಬರು ಕೆಂಪು ಪೆನ್ನು ತೆರೆದರು. ಮೂರು ಸಲ ಓದಿದರು. ಕತ್ತರಿಸಲು ಪದ ಸಿಗಲಿಲ್ಲ, ಸೇರಿಸಲೂ ಧೈರ್ಯವಿರಲಿಲ್ಲ. ಕಡತಕ್ಕೆ ಹಾಕಿದರೆ ಮೇಲಿನ ಕಚೇರಿಯವರು ಓದುತ್ತಾರೆ, ಅದೂ ಪೂರ್ತಿ.

"ಕನ್ಸೈಸ್. ಬಳಕೆ ಸರಿಯಾಗಿದೆ," ಎಂದು ಮೆಮೊ ವಾಪಸು ಇಸಿದುಕೊಂಡರು.