ಸೀಳುವುದೋ, ತೂತು ಹಾಕುವುದೋ

ಶಿರಾ ಪೇಟೆಯಲ್ಲಿ ಹಾಸಿಗೆ ಹೊಲಿಯುವ ಬಾಷಾ ಸಾಬರಿಗೆ ತೊಡೆಸಂದಿನಲ್ಲಿ ಹರ್ನಿಯಾ ಆಗಿರುವುದು ಊರಿಗೆಲ್ಲ ಗೊತ್ತಾಗಿ ತಿಂಗಳಾಗಿತ್ತು. ಗೊತ್ತು ಮಾಡಿದವರು ಅವರೇ. ಡಾಕ್ಟರು ಎರಡು ದಾರಿ ಹೇಳಿದ್ದರು: ಹೊರಗಿನಿಂದ ನಾಲ್ಕು ಬೆರಳಗಲ ಸೀಳಿ ಜಾಲರಿ ಇಟ್ಟು ಹೊಲಿಯುವುದು, ಇಲ್ಲವೇ ಮೂರು ತೂತು ಹಾಕಿ, ಕ್ಯಾಮೆರಾ ಬಿಟ್ಟು, ಅದೇ ಜಾಲರಿ ಕೂರಿಸುವುದು. ಯಾವುದಾದರೂ ಆದೀತು, ಯೋಚಿಸಿ ಬನ್ನಿ ಎಂದಿದ್ದರು. ಯೋಚಿಸಿ ಅಂದದ್ದೇ ತಪ್ಪಾಯಿತು. ಟೀ ಅಂಗಡಿಯಲ್ಲಿ, ಮಸೀದಿ ಮೆಟ್ಟಿಲ ಮೇಲೆ, ಹತ್ತಿ ತರಲು ಹೋದ ಕಡೆ, ಸಿಕ್ಕಸಿಕ್ಕವರನ್ನೆಲ್ಲ ನಿಲ್ಲಿಸಿ ಕೇಳಿದರು. ಬಡವನಹಳ್ಳಿಯಲ್ಲಿ ಯಾರಿಗೋ ಈ ಆಪರೇಷನ್ ಆಗಿದೆಯೆಂದು ತಿಳಿದು, ಬಸ್ಸು ಹತ್ತಿ ಹೋಗಿ ಗಾಯದ ಗುರುತು ನೋಡಿಕೊಂಡು ಬಂದರು. ಇಷ್ಟು ಮುತುವರ್ಜಿಯನ್ನು ಮನೆ ಕಟ್ಟಿಸುವಾಗಲೂ ಆ ಮನುಷ್ಯ ತೋರಿಸಿರಲಿಲ್ಲ.

ಊರಿಗೆಲ್ಲ ಹೇಳಿಕೊಂಡು ಬಂದವರಿಗೆ ಡಾಕ್ಟರ ಎದುರು ಮಾತ್ರ ಬಾಯಿ ಕಟ್ಟಿಹೋಗುತ್ತಿತ್ತು. ಡಾಕ್ಟರು ಹೆಂಗಸು, ಶ್ರೀಲತಾ ಎಂದು ಹೆಸರು. ಹಾಗಾಗಿ ಪ್ರತಿ ಸಲವೂ ಹೆಂಡತಿ ಅಮೀರ್ ಬಿಯನ್ನು ಕರೆದೊಯ್ಯುತ್ತಿದ್ದರು. ಸಾಬರು ಗೋಡೆ ನೋಡುತ್ತ ಕೂರುವುದು, ಆಕೆ ಮಾತಾಡುವುದು.

ಆ ದಿನವೂ ಹಾಗೇ ಆಯಿತು.

"ತೂತಿಂದೇ ಮಾಡ್ಬುಡಿ ಡಾಕ್ಟ್ರಮ್ಮ," ಎಂದಳು ಅಮೀರ್ ಬಿ.

"ಅಂಗಲ್ಲ," ಎಂದರು ಸಾಬರು ಗೋಡೆಗೆ. "ಇನ್ನೊಂದ್ಸಲ ಎರಡೂ ಬಿಡ್ಸಿ ಹೇಳೋಕ್ ಹೇಳು."

ಶ್ರೀಲತಾ ಬೇಸರಿಸದೆ ಮೂರನೇ ಸಲ ಬಿಡಿಸಿ ಹೇಳಿದರು. ಅಮೀರ್ ಬಿ ಕೊನೆಯವರೆಗೂ ಕೇಳಿಸಿಕೊಂಡಳು.

"ಉಬ್ಬಿದ್ದು ಒಳಕ್ಕೋಗ್ದೆ ಕಲ್ಲಂಗೆ ಗಟ್ಟಿಯಾಗ್ಬುಟ್ರೆ, ಅವಾಗ ಎರಡ್ರಲ್ಲಿ ಯಾವ್ದು?"

"ಯಾಕೆ, ಇವರದು ಗಟ್ಟಿಯಾಗಿದ್ಯಾ?"

"ಇವ್ರುದ್ದಲ್ಲ."

ಸಾಬರು ಗೋಡೆ ಬಿಟ್ಟು ಹೆಂಡತಿಯ ಕಡೆ ತಿರುಗಿದರು. ಅಷ್ಟರಲ್ಲಿ ಡಾಕ್ಟರು ಎದ್ದು ಆಕೆಯನ್ನು ಪರದೆಯ ಹಿಂದೆ ಕರೆದೊಯ್ದು ಮಲಗಿಸಿದ್ದರು. ಹೊಟ್ಟೆಗೆ ಬಿಗಿದಿದ್ದ ಪಟ್ಟಿಯನ್ನು ಬಿಚ್ಚಲು ನರ್ಸಿಗೆ ಹೊತ್ತು ಹಿಡಿಯಿತು. ಬಿಚ್ಚಿದ್ದು ಪರದೆಯ ಕೆಳಗೆ ಬಿತ್ತು. ಅದು ಸಾಬರ ಅಂಗಡಿಯ ಹಾಸಿಗೆ ಬಟ್ಟೆಯೇ, ನೀಲಿ ಗೆರೆಯದು, ಅಂಚು ಮಡಿಸಿ ನೀಟಾಗಿ ಹೊಲಿದದ್ದು. ವಾಂತಿ ಯಾವಾಗಿನಿಂದ ಎಂದು ಡಾಕ್ಟರು ಕೇಳಿದರು. ನೆನ್ನೆಯಿಂದ ಎಂದಳು. ಹೊರಗೆ ಕೂತ ಸಾಬರಿಗೆ ಅದು ಕೇಳಿಸಿತು. ಬೆಳಿಗ್ಗೆ ಈಕೆ ರೊಟ್ಟಿ ಬಡಿಸಿದ್ದಳು, ತಾವು ಎರಡು ತಿಂದು ಇನ್ನೊಂದು ಹಾಕಿಸಿಕೊಂಡಿದ್ದರು. ಆಕೆ ತಿಂದಳೋ ಇಲ್ಲವೋ ನೋಡಿರಲಿಲ್ಲ.

ಶ್ರೀಲತಾ ಹೊರಗೆ ಬಂದರು.

"ಹೊಕ್ಕುಳ ಹತ್ರ ಕರುಳು ಸಿಕ್ಕಾಕೊಂಡಿದೆ. ಈಗ್ಲೇ ಆಪರೇಷನ್ ಆಗ್ಬೇಕು. ತಡ ಮಾಡಿದ್ರೆ ಜೀವಕ್ಕೇ ಅಪಾಯ."

"ಆ ತೂತಿಂದು..." ಎಂದರು ಸಾಬರು. ಮೊದಲ ಸಲ ಡಾಕ್ಟರ ಮುಖ ನೋಡಿ ಮಾತಾಡಿದ್ದರು.

"ಅದಕ್ಕೆಲ್ಲ ಹೊತ್ತು ಮೀರಿದೆ ಸಾಬ್ರೇ. ಹೊಟ್ಟೆ ಸೀಳಲೇಬೇಕು. ನಿಮ್ಮಂಗೆ ಇವ್ರಿಗೆ ಎರಡು ದಾರಿ ಇಲ್ಲ."

ಸ್ಟ್ರೆಚರ್ ಬಂತು. ನರ್ಸ್ ಕಾಗದ ಹಿಡಿದು ಸಾಬರ ಬಳಿ ನಿಂತಳು. "ಗಂಟು ಎಷ್ಟು ದಿನದಿಂದ ಇದೆ?"

ಸಾಬರು ಸ್ಟ್ರೆಚರಿನ ಕಡೆ ತಿರುಗಿದರು.

"ಅವ್ರನ್ನ ಕೇಳ್ಬೇಡ ಕಣಮ್ಮ, ಅವ್ರಿಗೆ ಗೊತ್ತಿಲ್ಲ," ಎಂದಳು ಅಮೀರ್ ಬಿ ಮಲಗಿದಲ್ಲಿಂದಲೇ. ದನಿಯಲ್ಲಿ ದೂರೇನೂ ಇರಲಿಲ್ಲ. "ನಮ್ ಉಮ್ಮೆ ಹಾನಿ ಹುಟ್ಟಿದಾಗ್ಲಿಂದ."

ಸ್ಟ್ರೆಚರನ್ನು ಒಳಕ್ಕೆ ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿತು.

"ಉಮ್ಮೆ ಹಾನಿ ಯಾರು?" ಎಂದಳು ನರ್ಸ್.

"ಕೊನೇ ಮಗಳು."

"ಎಷ್ಟು ವಯಸ್ಸು?"

"ಇಪ್ಪತ್ತೆರಡು," ಎಂದರು ಸಾಬರು. ಹೇಳಿದ ಮೇಲೆ ಆ ಲೆಕ್ಕ ಅವರ ಕಿವಿಗೂ ಬಿತ್ತು.

ನರ್ಸ್ ಬರೆದುಕೊಂಡು, ಸಹಿಗೆಂದು ಕಾಗದ ಚಾಚಿದಳು. ಪೆನ್ನು ಹಿಡಿದ ಬಾಷಾ ಸಾಬರಿಗೆ ತಮ್ಮ ಹೆಸರನ್ನು ಬರೆಯುವುದು ಹೇಗೆಂದೇ ಮರೆತುಹೋಯಿತು.